ಬೇಳೆ ಬೇಯದ ನೀರು

ನಮ್ಮ ಮನೆಯಲ್ಲಿ ನೀರಿಗೂ ಪಂಕ್ತಿಭೇದವಿತ್ತು. ಅಡುಗೆಮನೆಯ ಗೋಡೆಗೆ ಹತ್ತಿಸಿ ಕಟ್ಟಿದ ಕಲ್ಲಿನ ಕಟ್ಟೆಯ ಮೇಲೆ, ದೇವರ ಜಗಲಿಗೆ ಎಲ್ಲಕ್ಕಿಂತ ಸಮೀಪ, ತಾಮ್ರದ ಕೊಡ ಕೂತಿರುತ್ತಿತ್ತು. ಅದರಲ್ಲಿ ಕೃಷ್ಣಾ ಹೊಳೆಯ ನೀರು. ಅದರಾಚೆ ಹಿತ್ತಾಳೆಯ ಹಂಡೆ. ಅದರಲ್ಲಿ ನಳದ ನೀರು, ಅಂದರೆ ಭೂತನಾಳ ಕೆರೆಯದು. ಕೊನೆಗೆ, ಬಚ್ಚಲ ಬಾಗಿಲ ಹತ್ತಿರ, ಮಣ್ಣಿನ ಹರವಿ; ಅದರಲ್ಲಿ ಹಿತ್ತಲ ಬಾವಿಯ ಸವಳು ನೀರು, ಮುಸುರೆ ತಿಕ್ಕಲಿಕ್ಕೆ. ಒಂದರ ತಂಬಿಗೆ ಇನ್ನೊಂದಕ್ಕೆ ಮುಟ್ಟಬಾರದು. ಮುಟ್ಟಿತೋ ಇಲ್ಲವೋ ಎಂದು ಕಾಯಲು ಆಯಿ ಇದ್ದಳು. ಆಯಿ ಅಂದರೆ ಅಪ್ಪನ ತಾಯಿ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಬತ್ತಿ ಹೊಸೆಯುತ್ತ ಕೂತಿದ್ದರೂ ಅವಳ ಕಿವಿ ಅಡುಗೆಮನೆಯಲ್ಲೇ ಇರುತ್ತಿತ್ತು. ತಂಬಿಗೆ ಯಾವ ಪಾತ್ರೆಗೆ ತಾಗಿತು ಎನ್ನುವುದನ್ನು ಸಪ್ಪಳದ ಮೇಲೆಯೇ ಹೇಳುತ್ತಿದ್ದಳು. ಈಗ ನಲ್ಲಿ ತಿರುವಿದರೆ ಕೃಷ್ಣೆಯೇ ಮನೆಯೊಳಗೆ ಬರುತ್ತಾಳೆ, ಬಬಲೇಶ್ವರ ಟಿಕೋಟಾದ ಹೊಲಗಳಲ್ಲೂ ಕಾಲುವೆಯಾಗಿ ಹರಿಯುತ್ತಾಳೆ, ಬೇಳೆ ಕುಕ್ಕರಿನಲ್ಲಿ ಬೇಯುತ್ತದೆ, ನೀರಿನ ಮೇಲೆ ಯಾರಿಗೂ ಸಂಶಯವಿಲ್ಲ. ನಾನು ಮಾತ್ರ ಇವತ್ತಿಗೂ ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಮೊದಲು ನಾಲಿಗೆಯ ತುದಿಗೆ ಮುಟ್ಟಿಸಿ ಆಮೇಲೆ ಕುಡಿಯುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ.

ಮನೆ ಇದ್ದದ್ದು ಊರಿನ ಅಂಚಿಗೆ, ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಆಗ ಊರಿಗೆ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಗಾಡಿ ಹೋದಾಗಲೆಲ್ಲ ಕಟ್ಟೆಯ ಮೇಲಿನ ಮೂರೂ ನೀರು ನಡುಗುತ್ತಿದ್ದವು. ಅಪ್ಪ ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಟಿಕೋಟಾದ ಸಂತೆಗೆ ಹೋಗಿ ಜೋಳ, ಕುಸುಬೆಗಳನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಕಡಿದು ನೋಡಿ ಬರುವುದು ಅವನ ಕೆಲಸ. ಹಾಗೆ ನೋಡಿದರೆ ಕಾಳನ್ನು ನಂಬದಿರುವುದೇ ಅವನ ಹೊಟ್ಟೆಪಾಡು. ನಾನು ಸಾಲೆಯಲ್ಲಿ ನಾಲ್ಕನೆಯದೋ ಐದನೆಯದೋ ಇದ್ದೆ. ಮಾಸ್ತರರು ಕರಿಹಲಗೆಯ ಮೇಲೆ ಜಿಲ್ಲೆ ಬರೆದು, ಮೇಲೊಂದು ಗೆರೆ ಎಳೆದು ಭೀಮಾ ಅಂದರು, ನಡುವೆ ದಪ್ಪನೆಯ ಗೆರೆ ಎಳೆದು ಕೃಷ್ಣಾ ಅಂದರು, ಅದರ ಕೆಳಗೆ ಘಟಪ್ರಭಾ, ಮಲಪ್ರಭಾ; ಬಾಗಲಕೋಟೆಯ ಕಡೆಯೂ ಆಗ ನಮ್ಮ ಜಿಲ್ಲೆಯೇ. ಕೊನೆಗೆ ಭೀಮೆಗೂ ಕೃಷ್ಣೆಗೂ ನಡುವೆ, ನೆನಪಾಗಿ ಸೇರಿಸಿದವರಂತೆ, ಒಂದು ಸೊಟ್ಟ ಗೆರೆ ಎಳೆದು ಡೋಣಿ ಅಂದರು. ಕೃಷ್ಣೆ ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ, ಮೂರು ರಾಜ್ಯ ದಾಟುತ್ತಾಳೆ, ದಾರಿಯಲ್ಲಿ ಇವರೆಲ್ಲರನ್ನೂ ಕೂಡಿಸಿಕೊಂಡು ಬಂಗಾಲ ಉಪಸಾಗರ ಸೇರುತ್ತಾಳೆ ಎಂದು ಬಾಯಿಪಾಠ ಮಾಡಿಸಿದರು. ಮನೆಗೆ ಬಂದು ಆಯಿಯ ಮುಂದೆ ಒಪ್ಪಿಸಿದೆ.

"ಐದು ಹೊಳಿ ಇದ್ದ ಜಿಲ್ಲಾದಾಗ ಒಂದು ಕೊಡ ನೀರಿಗೆ ಸರತಿ ನಿಂದ್ರತಾರಂದ್ರ, ನಿಮ್ಮ ಮಾಸ್ತರ ಎಲ್ಲೋ ಗೆರಿ ತಪ್ಪಿಸ್ಯಾನ. ಹೊಳಿ ಕಂಡಾನೇನು ಅಂವ?"

ಆಯಿ ಕಂಡಿದ್ದಳು. ಅವಳ ತವರು ಗಲಗಲಿ, ಕೃಷ್ಣೆಯ ದಂಡೆಯ ಮೇಲಿನ ಊರು. ಬಿಜಾಪುರದಿಂದ ಡೋಣಿ ದಾಟಿ, ಬಬಲೇಶ್ವರ ದಾಟಿ ಹೋಗುವ ಕೆಂಪು ಬಸ್ಸು ಅಲ್ಲಿ ಹೊಳೆಯ ದಂಡೆ ಮುಟ್ಟುತ್ತಿತ್ತು. ಅವಳ ಬಾಯಲ್ಲಿ ಕೃಷ್ಣೆ ಎನ್ನುವ ಹೆಸರೇ ಬರುತ್ತಿರಲಿಲ್ಲ; ಬರೀ 'ಹೊಳಿ'. ಲೋಕದಲ್ಲಿ ಇನ್ನೊಂದು ಹೊಳೆ ಇದೆ ಎನ್ನುವುದನ್ನು ಅವಳು ಒಪ್ಪಿದ್ದೇ ಇಲ್ಲ. ಶ್ರಾವಣದಲ್ಲಿ ಗಲಗಲಿಯ ಮೇಲೆ ಹನಿ ಬೀಳದಿದ್ದರೂ ಹೊಳೆ ಬರುತ್ತಿತ್ತಂತೆ. ಎಲ್ಲೋ ಮೇಲೆ ಘಟ್ಟದಲ್ಲಿ ಮಳೆ, ಇಲ್ಲಿ ಬಿಳಿಯ ಆಕಾಶದ ಕೆಳಗೆ ಕೆಂಪು ನೀರು, ಅದರಲ್ಲಿ ಬೇರು ಸಮೇತ ಬಂದ ಗಿಡಗಳು. ಹೆಂಗಸರು ದಂಡೆಗೆ ಹೋಗಿ ಹೊಳೆಗೆ ಉಡಿ ತುಂಬುತ್ತಿದ್ದರು. ಇಳಿದ ಮೇಲೆ ಬಿಟ್ಟುಹೋದ ಮಣ್ಣಿನಲ್ಲಿ ಬದನೆ, ಸೌತೆ, ಬೇಸಿಗೆಗೆ ಉಸುಕಿನಲ್ಲಿ ಕಲ್ಲಂಗಡಿ. ಬೇಳೆ ಒಂದು ಕುದಿಗೆ ಒಡೆಯುತ್ತಿತ್ತು. ಈಗ ಕೆಳಗೆ ಎಲ್ಲೋ ಅಣೆಕಟ್ಟು ಕಟ್ಟುತ್ತಿದ್ದಾರೆ, ಹೊಳೆ ಹಿಂದಕ್ಕೆ ಸರಿದು ದಂಡೆಯ ಊರುಗಳಿಗೆ ಬರುತ್ತದೆ ಎಂದು ಅಪ್ಪ ಹೇಳಿದಾಗ ಆಯಿ ಬತ್ತಿ ಹೊಸೆಯುವುದನ್ನೂ ನಿಲ್ಲಿಸದೆ, ಹೊಳೆ ಹಿಂದಕ್ಕೆ ಹೋಗುವುದು ಸರಕಾರದವರ ಬಾಯಲ್ಲಿ ಮಾತ್ರ, ಎಂದಳು.

ಅವ್ವನ ತವರು ಬಬಲೇಶ್ವರ. ಅದು ಆಯಿಯ ಹೊಳೆಗೆ ಹೋಗುವ ದಾರಿಯ ನಡುವೆಯೇ ಇದ್ದದ್ದು ನಮ್ಮ ಮನೆಯ ದುರ್ದೈವ. ಆ ಭಾಗವೆಲ್ಲ ಡೋಣಿ ಸೀಮೆ. ಎರೆ ಭೂಮಿ, ಬಂಗಾರದಂಥ ಜೋಳ, ಆದರೆ ಬಾವಿಯ ನೀರು ಉಪ್ಪು. ಅವ್ವನ ಲಗ್ನದಲ್ಲಿ ಸಾರಿನ ಬೇಳೆ ಬೇಯದೆ ಎಲೆಯ ಮೇಲೆ ಉರುಳಾಡಿದವಂತೆ. ತಮ್ಮನ್ನು ಹಗುರ ಮಾಡಲಿಕ್ಕೇ ಹೀಗೆ ಬಡಿಸಿದ್ದಾರೆ ಎಂದು ಆಯಿ ಎಲೆ ಬಿಟ್ಟು ಎದ್ದಳು. ಅವ್ವನ ಅಪ್ಪ, ಅಂದರೆ ನನ್ನ ಮುತ್ಯಾ, ಕೈ ಮುಗಿಯುವ ಬದಲು, ಒಲೆ ನಮ್ಮದು, ನೀರು ದೇವರದು, ಹೊಳೆ ದಂಡೆಯವರಿಗೆ ನಾಲಿಗೆ ಉದ್ದ, ಎಂದುಬಿಟ್ಟ. ಅಲ್ಲಿಂದ ಆಯಿಗೆ ಆ ಮನೆಯ ಮೇಲೆ, ಆ ಮನೆಯಿಂದ ಬಂದ ಸೊಸೆಯ ಮೇಲೆ, ಅವಳು ಮುಟ್ಟಿದ ತಂಬಿಗೆಯ ಮೇಲೆ ಕಣ್ಣು. ಅವ್ವನೂ ಬಾಯಿ ಕಟ್ಟಿದವಳಲ್ಲ.

"ಉಪ್ಪ ನೀರು ಕುಡದವರ ಮನಸ್ಸೂ ಉಪ್ಪ," ಎಂದು ಆಯಿ ಕಂಬದ ಕಡೆ ನೋಡಿ ಹೇಳಿದರೆ, ಅವ್ವ ರೊಟ್ಟಿ ಬಡಿಯುತ್ತ ಒಲೆಯ ಕಡೆ ನೋಡಿ ಹೇಳುತ್ತಿದ್ದಳು:

"ಡೋಣಿ ಹರಿದ್ರ ಓಣೆಲ್ಲ ಜೋಳ ಅಂತಾರ್ರಿ ಅತ್ತಿ. ನಿಮ್ಮ ಹೊಳಿ ನೀರು ಕೊಟ್ಟೀತು. ಈ ರೊಟ್ಟಿ ಕೊಟ್ಟಾಕಿ ನಮ್ಮ ಡೋಣಿ."

ಇದು ಬರೀ ನಾಲಿಗೆಯ ಜಗಳವಾಗಿದ್ದಿದ್ದರೆ ನಾನು ಬರೆಯುತ್ತಿರಲಿಲ್ಲ. ನನಗೊಬ್ಬ ತಮ್ಮ ಹುಟ್ಟಿದ್ದ. ಬಾಣಂತನ ಬಬಲೇಶ್ವರದಲ್ಲಿ. ಕೂಸು ಕುತ್ತಿಗೆ ನಿಲ್ಲಿಸುವ ಹೊತ್ತಿಗೆ ವಾಂತಿ ಭೇದಿ ಹತ್ತಿ ಅಲ್ಲೇ ತೀರಿಕೊಂಡಿತು. ಅವ್ವ ಬರಿಯ ಉಡಿಯಲ್ಲಿ ಬಸ್ಸಿಳಿದು ಬಂದ ದಿನ ಆಯಿ ಅಳಲಿಲ್ಲ. ಆ ನೀರು ನನ್ನ ಮೊಮ್ಮಗನನ್ನು ತಿಂದಿತು, ಎಂದಳು, ಅಷ್ಟೆ. ಆಮೇಲೆ ಅಪ್ಪನ ಕೈ ಹಿಡಿದು ದೇವರ ಜಗಲಿ ಮುಟ್ಟಿಸಿ ಆಣೆ ಮಾಡಿಸಿದಳು: ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಆ ನೀರು ಬಾಯಿಗೆ ಹಾಕುವುದಿಲ್ಲ. ಅಂದಿನಿಂದ ಅವ್ವ ತವರು ಕಾಣಲಿಲ್ಲ. ಸಂತೆಗೆ ಬಂದ ಆ ಊರಿನವರು ಯಾರಾದರೂ "ಅರಾಮ ಅದಾರ" ಎಂದು ಹೇಳಿಹೋದರೆ ಅದೇ ಸುದ್ದಿ. ಅವ್ವ ಆಣೆಯ ವಿರುದ್ಧ ಒಂದು ಮಾತೂ ಆಡಲಿಲ್ಲ. ಏಕೆ ಆಡಲಿಲ್ಲ ಎನ್ನುವುದು ನನಗೆ ತಿಳಿದದ್ದು ನಾನೂ ತಾಯಿಯಾದ ಮೇಲೆ. ಆಯಿ ಹೇಳಿದ್ದು ಖರೇ ಇರಬಹುದೇ ಎನ್ನುವ ಸಂಶಯ ಅವಳ ಹೊಟ್ಟೆಯಲ್ಲೂ ಇತ್ತು. ತಾನು ಕುಡಿದು ಬೆಳೆದ ಬಾವಿಯೇ ತನ್ನ ಕೂಸನ್ನು ಒಯ್ದಿತೇ ಎಂದು ಕೇಳಿಕೊಳ್ಳುತ್ತ ಬದುಕುವುದು ಎಂಥ ಶಿಕ್ಷೆ.

ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಅಪ್ಪ ತಾಮ್ರದ ಕೊಡ ಹಿಡಿದು ಗಲಗಲಿಯ ಬಸ್ಸು ಹತ್ತುತ್ತಿದ್ದ. ಸಂಜೆಗೆ ಹೊಳೆಯ ನೀರು ತುಂಬಿ, ಬಾಯಿಗೆ ಒದ್ದೆ ಅರಿವೆ ಕಟ್ಟಿ ತರುತ್ತಿದ್ದ. ಮರುದಿನ ಆ ನೀರಿನಲ್ಲೇ ಕಡಲೆಬೇಳೆ ಬೇಯಿಸಿ ಹೂರಣದ ಹೋಳಿಗೆ, ನೈವೇದ್ಯ. ಅಪ್ಪನನ್ನೂ ಆಯಿ ಪೂರಾ ನಂಬುತ್ತಿರಲಿಲ್ಲ. ಹೊಳೆ ದಂಡೆಯ ಕೊಲ್ಹಾರದ ಮೊಸರಿನ ಗಡಿಗೆ ಬಿಜಾಪುರದ ಬಸ್ ಸ್ಟ್ಯಾಂಡಿನಲ್ಲೇ ಸಿಗುವಾಗ ಹೊಳೆಯ ನೀರೂ ಅಲ್ಲೇ ನಳದ ಕೆಳಗೆ ಸಿಗಬಹುದಲ್ಲ ಎನ್ನುವುದು ಅವಳ ತರ್ಕ. ಅದಕ್ಕೆ ಅಪ್ಪ ಬಂದ ಕೂಡಲೇ ಅವನ ಚಪ್ಪಲಿ ಝಾಡಿಸಿ ಉಸುಕು ಬಿತ್ತೋ ಇಲ್ಲವೋ ನೋಡುತ್ತಿದ್ದಳು. ಅಪ್ಪ ನಗುತ್ತಿದ್ದ. ಉಸುಕು ಬೀಳುತ್ತಿತ್ತು.

ಅವ್ವನಿಗೆ ಅಪ್ಪನ ಮೇಲೆ ಸಂಶಯ ಶುರುವಾದದ್ದು ಆ ವರ್ಷದ ಯುಗಾದಿಯ ಆಸುಪಾಸು. ಓಣಿಯಲ್ಲಿ ಬಳೆ ಇಡಿಸುವ ಖಾತೂನಬಿಯ ತಮ್ಮ ಆ ದಾರಿಯ ಬಸ್ಸಿಗೆ ಕಂಡಕ್ಟರ್. ಅವ್ವನ ಕೈ ಹಿಡಿದು ಬಳೆ ಏರಿಸುತ್ತ ಖಾತೂನಬಿ ದನಿ ಇಳಿಸಿದಳು.

"ತಪ್ಪು ತಿಳೀಬ್ಯಾಡ ಅಕ್ಕಾ. ನಿಮ್ಮ ಮನಿಯವ್ರು ಹೊಳ್ಳಿ ಬರೂಮುಂದ ನಡುವ ಎಲ್ಲೋ ಇಳೀತಾರಂತ. ಮುಂದಿನ ಗಾಡಿಗೆ ಬರ್ತಾರಂತ. ನನ್ನ ತಮ್ಮ ಅಂದ."

"ಎಲ್ಲಿ ಇಳೀತಾರಂತ?"

"ಅದನ್ನ ನಾ ಕೇಳಲಿಲ್ಲ. ಮಂದಿ ಸಂಸಾರದಾಗ ಎಷ್ಟು ಕೇಳಬೇಕು ಅಷ್ಟ ಕೇಳಬೇಕು."

ಬಳೆ ಒಡೆಯಿತು. ಅವ್ವನ ಕೈ ಬಿಗಿದುಬಿಟ್ಟಿತ್ತು. ತವರಿನ ವಿಚಾರ ಅವಳ ತಲೆಗೇ ಬರಲಿಲ್ಲ. ಅಪ್ಪ ಜಗಲಿ ಮುಟ್ಟಿ ಆಣೆ ಮಾಡಿದವ, ಆಣೆ ಮುರಿಯುವ ಪೈಕಿ ಅಲ್ಲ. ಹಾಗಾದರೆ ಯಾರು? ಮುಂದಿನ ಅಮಾವಾಸ್ಯೆಗೆ ಅವಳು ಕಣ್ಣಿಟ್ಟಳು. ಅಪ್ಪ ಹೋಗುವಾಗ ಚಲೋ ಅಂಗಿ ತೊಟ್ಟ. ಬಸ್ ಸ್ಟ್ಯಾಂಡಿಗೆ ಕೊಡ ಮುಟ್ಟಿಸಲು ಹೋದ ನನ್ನನ್ನು ಅವ್ವ ಹಿತ್ತಲಿಗೆ ಕರೆದು ಕೇಳಿದಳು. ಅಪ್ಪ ಬೇಕರಿಯಲ್ಲಿ ಡಬಲ್ ರೊಟ್ಟಿ ಕೊಂಡ ಎಂದೆ. ಆ ಕಾಲಕ್ಕೆ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ತಿನ್ನುತ್ತಿದ್ದವರು ರೋಗಿಗಳು, ಇಲ್ಲವೇ ಸಾಹುಕಾರರು. ಅವ್ವ ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದಳು. ಮೆತ್ತಗಿನದನ್ನು ತಿನ್ನುವ ಯಾವಳೋ ಇದ್ದಾಳೆ. ಅತ್ತೆ ಸೊಸೆ ಇಬ್ಬರೂ ಒಬ್ಬನೇ ಮನುಷ್ಯನನ್ನು ಬೇರೆ ಬೇರೆ ಕಾರಣಕ್ಕೆ ಕಾಯತೊಡಗಿದರು. ಒಬ್ಬರಿಗೊಬ್ಬರು ಹೇಳಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಗಿ ತಂಬಿಗೆಯ ಸಪ್ಪಳವೇ ದೊಡ್ಡದಾಯಿತು. ನಾನೂ ಅಪ್ಪನ ಜೇಬು, ಅಪ್ಪನ ನಗು, ಅಪ್ಪ ಊಟದಲ್ಲಿ ಬಿಟ್ಟ ತುತ್ತು, ಎಲ್ಲವನ್ನೂ ಗಮನಿಸಲು ಕಲಿತೆ. ಅವನು ಅಂಗಳದಲ್ಲಿ ಸುಮ್ಮನೆ ನಿಂತರೂ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಮುಚ್ಚಿಡುತ್ತಿದ್ದದ್ದು ಖರೇನೇ.

ಬೇಸಿಗೆಯ ಕಡೆಯ ಅಮಾವಾಸ್ಯೆ. ಹಿಂದಿನ ಸಂಜೆ ಅಪ್ಪ ಕೊಡ ಹೊತ್ತು ಬಂದ. ಮುಖ ಬಾಡಿತ್ತು. ಆಯಿ ಚಪ್ಪಲಿ ಎತ್ತಿ ಝಾಡಿಸಿದಳು. ಕರಿಮಣ್ಣಿನ ಧೂಳು ಬಿತ್ತು. ಅವಳು ಚಪ್ಪಲಿಯನ್ನು ಜೋಡಿಸಿಟ್ಟು ಕಂಬಕ್ಕೆ ಒರಗಿದಳು.

"ಹೊಳ್ಯಾಗ ನೀರು ಎಷ್ಟೈತಿ ಲೇ ಶಂಕ್ರ್ಯಾ?"

"ಐತಿ ಅವ್ವಾ. ದಂಡಿತನಕ ಐತಿ," ಎಂದ ಅಪ್ಪ.

"ಈ ಬ್ಯಾಸಗ್ಯಾಗ?"

"ದಂಡಿ ಅಂದ್ರ... ಆ ನಡುವಿನ ದಂಡಿ."

"ಹೊಳಿಗೆ ನಡುವಿನ ದಂಡಿ ಯಾವಾಗ ಹುಟ್ಟಿತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ತನ್ನ ಚೀಲವನ್ನು ಕಾಲಿನಿಂದ ಹಿಂದೆ ಸರಿಸಿದ. ಅವನು ಕೈಕಾಲು ತೊಳೆಯಲು ಹೋದಾಗ ಆಯಿ ಚೀಲ ಝಾಡಿಸಿದಳು. ಡಬಲ್ ರೊಟ್ಟಿಯ ಚೂರುಗಳು ಬಿದ್ದವು. ಒಂದು ಚೂರನ್ನು ಬೆರಳಲ್ಲಿ ಒತ್ತಿ ಎತ್ತಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನೂ ನೋಡಿದಳು. ಅವಳ ಕಣ್ಣು ತುಂಬಿದ್ದವು.

ಮರುದಿನ ಬೆಳಿಗ್ಗೆ ಅವ್ವ ಆ ಕೊಡದ ನೀರು ಹಾಕಿ ಕಡಲೆಬೇಳೆ ಒಲೆಯ ಮೇಲಿಟ್ಟಳು. ನೀರು ಕುದಿಯಿತು, ನೊರೆ ಬಂತು, ಮತ್ತೆ ನೀರು ಹಾಕಿದಳು, ಮತ್ತೆ ಕುದಿಯಿತು. ಪಾತ್ರೆಯೊಳಗೆ ಬೇಳೆ ಹರಳುಕಲ್ಲಿನಂತೆ ಸಪ್ಪಳ ಮಾಡುತ್ತಲೇ ಇತ್ತು. 'ನಿನ್ನ ಬೇಳೆ ಬೇಯುವುದಿಲ್ಲ' ಎಂದು ಜನ ಬರೀ ಮಾತಿಗೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಸಾಕ್ಷಿ, ಪುರಾವೆ, ತೀರ್ಪು ಎಲ್ಲ. ಆಯಿ ಕಂಬ ಬಿಟ್ಟು ಎದ್ದು ಬಂದಳು. ಸೌಟಿನಿಂದ ಒಂದು ಬೇಳೆ ತೆಗೆದು ಎರಡು ಬೆರಳ ನಡುವೆ ಹಿಚುಕಿದಳು. ಅದು ಜಾರಿ ನೆಲಕ್ಕೆ ಬಿತ್ತು.

"ಇದು ಹೊಳೀ ನೀರಲ್ಲ," ಎಂದಳು. "ಭೂತನಾಳದ್ದೂ ಅಲ್ಲ. ಅದ್ರಾಗೂ ಬ್ಯಾಳಿ ಬೇಯತಾವ. ಇದು ಎಲ್ಲೀದು?"

ಅಪ್ಪ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಅವ್ವ ಕುಡಿಯುವ ಒಂದು ವಾಟಗದಲ್ಲಿ ಕೊಡದ ನೀರು ಬಗ್ಗಿಸಿಕೊಂಡಳು. ಯಾವಳ ಮನೆಯ ನೀರು ಎನ್ನುವುದನ್ನು ಇವತ್ತು ನೋಡಿಯೇಬಿಡುತ್ತೇನೆ ಎನ್ನುವ ಸಿಟ್ಟು ಅವಳ ಮುಖದಲ್ಲಿತ್ತು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ. ಬಾಯಲ್ಲಿ ನೀರು ಹಿಡಿದುಕೊಂಡೇ ನಿಂತಳು, ಮಕ್ಕಳು ನಿಂತಂತೆ. ಸಿಟ್ಟು ಇಳಿಯಿತು. ಆಮೇಲೆ ನುಂಗಿದಳು. ಉಳಿದದ್ದನ್ನೂ ಕುಡಿದಳು. ಮತ್ತೆ ಬಗ್ಗಿಸಿಕೊಂಡು ಅದನ್ನೂ ಕುಡಿದಳು. ಹುಟ್ಟಿದಾಗಿನಿಂದ ಕುಡಿದ ಬಾವಿಯ ನೀರನ್ನು ನಾಲಿಗೆ ಮರೆಯುತ್ತದೆಯೇ? ನಾನು ಅವಳ ಸೆರಗು ಹಿಡಿದೆ.

"ಏನಾತ?" ಎಂದಳು ಆಯಿ.

"ಏನಿಲ್ರಿ ಅತ್ತಿ. ಹೊಳೀ ನೀರ ಐತಿ. ಬ್ಯಾಳಿ ಹಳೇವು."

ಬೇಳೆ ಹೊಸದು. ಅಪ್ಪನ ಅಂಗಡಿಯಿಂದಲೇ ಆ ವಾರ ಬಂದದ್ದು, ಆಯಿಯೇ ಹಸನು ಮಾಡಿದ್ದು. ಆಯಿ ಸೊಸೆಯ ಮುಖವನ್ನು ತುಂಬ ಹೊತ್ತು ನೋಡಿದಳು. ಈಗ ದೊಡ್ಡ ಜಗಳವೇ ಇದೆ ಎಂದುಕೊಂಡೆ.

"ಹಳೇವ ಇರಬೇಕು," ಎಂದಳು ಆಯಿ. "ನಳದ ನೀರಾಗ ಬ್ಯಾರೆ ಇಡು."

ಆ ದಿನ ನಮ್ಮ ದೇವರಿಗೆ ಭೂತನಾಳ ಕೆರೆಯ ಹೋಳಿಗೆ. ಊಟದ ಮೇಲೆ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ನಾನು ತೊಳೆಯುತ್ತಿದ್ದೆ. ಅಪ್ಪ ಬಾವಿಯಿಂದ ನೀರು ಸೇದಿ ಕೊಡುವ ನೆವದಲ್ಲಿ ಬಂದು ನಿಂತ. ಅವ್ವ ತಲೆ ಎತ್ತಲಿಲ್ಲ.

"ಹೆಂಗ ಅದಾನ ನಮ್ಮಪ್ಪ?"

ಅಪ್ಪ ಹಗ್ಗ ಬಿಟ್ಟ. "ಹಾಸಿಗಿ ಹಿಡದಾರ. ಯುಗಾದಿ ಮುಂದಿಂದ. ಡಬಲ್ ರೊಟ್ಟಿ ಹಾಲಾಗ ಅದ್ದಿ ಕೊಟ್ರ ಅಷ್ಟ ಇಳೀತೈತಿ."

"ನೀವು ಆಣಿ ಮಾಡೀರಿ."

"ಹೊಸ್ತಿಲ ತುಳದಿಲ್ಲ. ಹೊರಗ ಕಟ್ಟಿ ಮ್ಯಾಲ ಕುಂದ್ರತೀನಿ. ಅವರ ಹಾಸಿಗಿ ಬಾಗಿಲಿಗೆ ಹತ್ತಿಸಿ ಹಾಕ್ಯಾರ. ಅವರು ಒಳಗ, ನಾ ಹೊರಗ. ಮಾತಾಡ್ತೀವಿ."

"ನೀರು?"

"ನಿನ್ನೆ ಭಾಳ ಸುಸ್ತಾಗಿದ್ರು. ಬಿಟ್ಟು ಹೊಳಿತನಕ ಹೋಗೂದಾಗಲಿಲ್ಲ. ನಾ ಏಳೂಮುಂದ ಕೊಡ ಬರಿದಿದ್ದದ್ದು ನೋಡಿದ್ರು. ಮಗಳ ಮನಿಗೆ ಬರೀ ಕೊಡ ಹೋಗಬಾರದು ಅಂತ ಬಾವಿ ನೀರು ತುಂಬಿಸಿದ್ರು. ಬಸ್ ಸ್ಟ್ಯಾಂಡಿನ್ಯಾಗ ಚೆಲ್ಲಿ ನಳದ ನೀರು ಹಿಡೀಬೇಕಂತ ಮಾಡಿದ್ದೆ." ಅಪ್ಪ ಬಿಟ್ಟ ಹಗ್ಗವನ್ನು ಮತ್ತೆ ಹಿಡಿದ. "ಕೊಡ ಬಗ್ಗಿಸೂದಾಗಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಈ ಮನ್ಯಾಗ ಇರತಿದ್ದಿ ಏನು?"

ಅವ್ವ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಇಷ್ಟು ದಿನ ಯಾವಳನ್ನೋ ಕಲ್ಪಿಸಿಕೊಂಡು ಶಾಪ ಹಾಕಿದ್ದಳಲ್ಲ, ಆ ಯಾವಳೂ ಇಲ್ಲ ಎಂದು ಅವಳಿಗೆ ಹಗುರವಾಗಿರಬೇಕು. ಆದರೆ ಅವಳ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಮುಖ ಮುಚ್ಚಿಕೊಂಡು ಅತ್ತಳು, ಸಪ್ಪಳವಾಗದಂತೆ, ಏಕೆಂದರೆ ಒಳಗೆ ಆಯಿಯ ಕಿವಿ ಇತ್ತು. ಆ ದಿನವೆಲ್ಲ ಅವಳು ಆ ಕೊಡದ ನೀರನ್ನೇ ಕುಡಿದಳು.

ಪಾಡ್ಯದ ದಿನ ಪ್ರಯಾಣ ಕೂಡದೆಂದು ಆಯಿ ಬೆಕ್ಕನ್ನೂ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಆದರೆ ಆ ಪಾಡ್ಯದ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಾಮ್ರದ ಕೊಡ ಹುಣಸೆಹಣ್ಣು ತಿಕ್ಕಿಸಿಕೊಂಡು ಬಾಗಿಲಲ್ಲಿ ಹೊಳೆಯುತ್ತಿತ್ತು. ತುಂಬಿತ್ತು ಕೂಡ. ಹೋದ ತಿಂಗಳ ಹೊಳೆಯ ನೀರನ್ನು ಆಯಿ ತನ್ನ ಕೊನೆಗಾಲಕ್ಕೆಂದು ಜಗಲಿಯ ಮೂಲೆಯಲ್ಲಿ ಒಂದು ಮುಚ್ಚಿದ ಚರಿಗೆಯಲ್ಲಿ, ಅದರ ಹಿಂದಿನ ತಿಂಗಳದ್ದನ್ನು ಇನ್ನೊಂದರಲ್ಲಿ, ಹೀಗೆ ಕೂಡಿಟ್ಟಿದ್ದಳು. ಎಲ್ಲವನ್ನೂ ಅದಕ್ಕೆ ಸುರಿದಿದ್ದಳು.

"ನೀಲಾ, ಸೀರಿ ಬದಲಸು. ಇವನ ಕೂಡ ಹೊಳಿಗೆ ಹೋಗಿ ಬಾ. ಲಗ್ನಾಗಿ ಇಷ್ಟ ವರ್ಷಾತು, ಹೊಳಿ ನೋಡಿಲ್ಲ ನೀ," ಎಂದಳು ಅವ್ವನಿಗೆ.

"ತುಂಬಿದ ಕೊಡ ತಗೊಂಡು ಹೊಳಿಗೆ ಯಾರು ಹೋಗ್ತಾರ ಆಯಿ?" ಎಂದು ನಾನು ಕೇಳಿದೆ.

"ಬರೀ ಕೊಡ ಒಯ್ಯಬಾರದು," ಎಂದಳು. ಆಮೇಲೆ ಸೊಸೆಯ ಕಡೆ ನೋಡದೆ, "ಜಡ್ಡಾದವರಿಗೆ ಬ್ಯಾಳಿ ಮೆತ್ತಗ ಬೇಯಬೇಕು. ಕಟ್ಟು ಬಸದು, ಜೀರಿಗಿ ಹಾಕಿ ಕೊಡಬೇಕು."

"ಯಾರಿಗೆ ಜಡ್ಡಾಗೈತ್ರಿ ಅತ್ತಿ?" ಅವ್ವನ ದನಿ ಕೇಳಿಸದಷ್ಟು ಸಣ್ಣಗಾಗಿತ್ತು.

"ನನಗೇನು ಗೊತ್ತು? ಇವನ ಚೀಲದಾಗ ಡಬಲ್ ರೊಟ್ಟಿ ಚೂರ ಬಿದ್ದಾವ. ಅರಾಮ ಇದ್ದವರು ಅದನ್ನ ತಿಂತಾರೇನು?" ಅಪ್ಪ ಬಾಯಿ ತೆರೆಯಲು ಹೋದ. ಆಯಿ ಅವನಿಗೆ ಅವಕಾಶ ಕೊಡಲಿಲ್ಲ. "ನಿನ್ನ ಆಣಿ ನಿನ್ನ ಕೂಡ ಇರಲಿ. ಸೊಸಿ ಏನೂ ಆಣಿ ಮಾಡಿಲ್ಲ."

ನಾನೂ ಹೋದೆ. ಬಸ್ಸು ಡೋಣಿ ದಾಟುವಾಗ ಅವ್ವ ಕಿಟಕಿಯಿಂದ ನೋಡಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನನಗೆ ಕಂಡದ್ದು ಕರಿಯ ಪಾತ್ರದ ನಡುವೆ ಒಂದು ಎಳೆ ನೀರು, ಅಂಚಿಗೆಲ್ಲ ಬಿಳಿಯ ಉಪ್ಪು. ಮಾಸ್ತರರ ಸೊಟ್ಟ ಗೆರೆ ಇದೇ ಎಂದುಕೊಂಡೆ. ಬಬಲೇಶ್ವರದಲ್ಲಿ ಇಳಿದೆವು. ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ, ಅದು ತನ್ನ ನಿತ್ಯದ ಜಾಗ ಎನ್ನುವಂತೆ. ಅವ್ವ ಕೊಡ ಎತ್ತಿಕೊಂಡು ಹೊಸ್ತಿಲು ದಾಟಿದಳು. ಸೋದರಮಾವನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಅವ್ವನ ಕೈ ಹಿಡಿದುಕೊಂಡಳು. ಬಾಗಿಲ ಪಕ್ಕದ ಹಾಸಿಗೆಯಲ್ಲಿ ಮುತ್ಯಾ. ನನ್ನ ನೆನಪಿನಲ್ಲಿದ್ದ ಮನುಷ್ಯನ ಅರ್ಧ ಕೂಡ ಇರಲಿಲ್ಲ. ಮಗಳನ್ನು ಕಂಡು ಅವನಿಗೆ ಮೊದಲು ಬಂದದ್ದು ಸಂತೋಷವಲ್ಲ, ಗುಮಾನಿ.

"ಆ ಮುದುಕಿ ನಿನ್ನ ಕಳಿಸ್ಯಾಳೇನು? ಯಾಕ? ನಾ ಸಾಯೂ ಹಂಗಾಗೇನೇನು?"

"ಹೊಳಿ ನೋಡಾಕ ಕಳಿಸ್ಯಾರಪ್ಪಾ," ಎಂದಳು ಅವ್ವ.

ಆಯಿಯ ನೀರಿನಲ್ಲಿ ತೊಗರಿಬೇಳೆ ಇಟ್ಟರು. ಒಂದು ಕುದಿ ಬರುವಷ್ಟರಲ್ಲಿ ಒಡೆಯಿತು. ಮಾವನ ಹೆಂಡತಿ ಪಾತ್ರೆಯೊಳಗೆ ಬಗ್ಗಿ ನೋಡಿ, ಸೌಟು ಹಾಕಿ, ಮತ್ತೆ ನೋಡಿದಳು, ನಂಬಲಿಲ್ಲ. ಅವ್ವ ಕಟ್ಟು ಬಸಿದು ಮುತ್ಯಾನಿಗೆ ಕುಡಿಸಿದಳು. ಅವನು ನಿಧಾನಕ್ಕೆ ಕುಡಿದ.

"ಲಗ್ನದ ದಿನ ಈ ನೀರಿದ್ದಿದ್ರ ನಿಮ್ಮತ್ತಿ ಎಲಿ ಬಿಟ್ಟು ಏಳತಿದ್ದಿಲ್ಲ," ಎಂದ. ಇನ್ನೊಂದು ಗುಟುಕು ಕುಡಿದು, "ಆ ಕೂಸು ನಮ್ಮ ನೀರಿಂದ ಹೋತೋ ಏನೋ, ನನಗೂ ಗೊತ್ತಿಲ್ಲ ನೀಲಾ. ಬಾವಿ ಮುಚ್ಚಿಸಿಬಿಡಬೇಕಂತ ಎಷ್ಟೋ ಸಲ ಅನಿಸೈತಿ."

ಕಟ್ಟೆಯ ಮೇಲೆ ಅಪ್ಪ ಬೆನ್ನು ತಿರುಗಿಸಿ ಕೂತಿದ್ದ. ಅವನಿಗೂ ಕೇಳಿಸಿರಬೇಕು.

"ಮುಚ್ಚಿಸಬ್ಯಾಡ," ಎಂದಳು ಅವ್ವ. "ನಾನೂ ಅದನ್ನ ಕುಡದ ಬೆಳೆದಾಕಿ."

ಆಮೇಲೆ ಅವಳು ಮೂಲೆಯ ಹರವಿಯಿಂದ ಒಂದು ವಾಟಗ ನೀರು ತಂದು ನನ್ನ ಕೈಗೆ ಕೊಟ್ಟಳು. ನಾನು ನಾಲಿಗೆಯ ತುದಿಗೆ ಮುಟ್ಟಿಸಿದೆ. ಉಪ್ಪು, ಅದರ ಹಿಂದೆ ಕಲ್ಲಿನ ಒಂದು ತಂಪು. ಅವ್ವ ನನ್ನನ್ನೇ ನೋಡುತ್ತಿದ್ದಳು. ಕುಡಿದೆ.

ಅವ್ವ ಅಲ್ಲೇ ಉಳಿದಳು. ಸಂಜೆ ನಾನು ಅಪ್ಪ ಇಬ್ಬರೇ ಹೊರಟೆವು. ಬರಿದಾದ ಕೊಡವನ್ನು ನೋಡಿ ಮುತ್ಯಾ ಕೈ ಎತ್ತಿ ಬಾವಿಯ ಕಡೆ ತೋರಿಸಿದ. ಮಾವ ತುಂಬಿ ತಂದ. ಅಪ್ಪ ಬಾಯಿಗೆ ಒದ್ದೆ ಅರಿವೆ ಕಟ್ಟಿದ. ಬಸ್ಸಿನಲ್ಲಿ ನಾನು ಅದನ್ನು ತೊಡೆಯ ನಡುವೆ ಹಿಡಿದು ಕೂತೆ, ಒಂದು ಹನಿ ತುಳುಕದಂತೆ. ಬಿಜಾಪುರ ಬಂದಾಗ ಬಸ್ ಸ್ಟ್ಯಾಂಡಿನ ನಳದ ಮುಂದೆಯೇ ಹಾದುಹೋದೆವು. ಅಪ್ಪ ಆ ಕಡೆ ನೋಡಲಿಲ್ಲ.

ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಚಪ್ಪಲಿ ಝಾಡಿಸಲಿಲ್ಲ. ಸೊಸೆ ಎಲ್ಲಿ ಎಂದೂ ಕೇಳಲಿಲ್ಲ.

"ಹೊಳ್ಯಾಗ ನೀರು ಎಷ್ಟೈತಿ?" ಎಂದಳು.

ಅಪ್ಪ ಕೊಡವನ್ನು ಅವಳ ಮುಂದೆ ಇಳಿಸಿದ. "ಭಾಳ ಕಡಿಮಿ ಆಗೈತಿ ಅವ್ವಾ. ತಳ ಕಾಣಾಕತ್ತೈತಿ."

ಆಯಿ, ಮುತ್ಯಾನ ಸುದ್ದಿ ತಿಳಿದವಳಂತೆ, ತಲೆಯಾಡಿಸಿದಳು. ನನಗೆ ವಾಟಗ ತರಲು ಹೇಳಿದಳು. ಅರಿವೆಯನ್ನು ತಾನೇ ಬಿಚ್ಚಿ, ನೀರು ಬಗ್ಗಿಸಿ, ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದಳು. ಅವಳ ಕಣ್ಣು ಎಲ್ಲೋ ಇತ್ತು, ನನ್ನ ತಮ್ಮನನ್ನು ಮಲಗಿಸಬೇಕೆಂದು ಅವಳು ಹಳೆಯ ಸೀರೆ ಕಟ್ಟಿ ಸಿದ್ಧ ಮಾಡಿದ್ದ ಜೋಳಿಗೆಯ ತೊಲೆಯ ಕಡೆ. ಅಪ್ಪ "ಬ್ಯಾಡ ಅವ್ವಾ" ಎಂದ. ಅವಳು ಕುಡಿದಳು, ತಡೆದು ತಡೆದು, ವಾಟಗ ಬರಿದಾಗುವ ತನಕ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬ್ಯಾಳಿ ಬೇಯಾಂಗಿಲ್ಲ ಇದ್ರಾಗ," ಎಂದಳು. "ಕುಡಿಯಾಕ ಬರ್ತೈತಿ."